ಕನ್ನಡಿಗೆ ಮೂರು ಗೆರೆ ಗಂಧ

ಮೂರನೇ ಪುಟ ಬಂದರೂ ಅಪ್ಪಯ್ಯನ ಹೆಸರು ಬರಲಿಲ್ಲ. ‘ನಾನು’ ಮಾತ್ರ ಹದಿನೇಳು ಸಲ ಬಂದಿತ್ತು. ಸುಮತಿ ಬೆರಳು ಮಡಚಿ ಎಣಿಸಿದ್ದಳು.

ವೆಸ್ಟ್ ಮಾಂಬಲಂನ ಒಂದು ತಾರಸಿ. ನೀರಿನ ಟ್ಯಾಂಕಿನ ಪಕ್ಕ, ಹಪ್ಪಳ ಒಣಗಿಸುವ ಜಾಗದಲ್ಲಿ ತಗಡಿನ ಶೆಡ್ಡು. ಇವತ್ತಿನಿಂದ ಅದರ ಹೆಸರು ವೇಧಶಾಲೆ! ನಕ್ಷತ್ರ ಸಂಘದ ಅಧ್ಯಕ್ಷ ಕಮಲಾಕರ ರಾಯರು ಅದರ ಇತಿಹಾಸ ಓದುತ್ತಿದ್ದರು.

“೧೯೭೬ರಲ್ಲಿ ನನಗೊಂದು ಯೋಚನೆ ಬಂತು. ೧೯೭೭ರಲ್ಲಿ ಆ ಯೋಚನೆ ಬಲವಾಯಿತು...”

ಯೋಚನೆ ಬಲವಾಗುತ್ತಿದ್ದಾಗ ಗಾಜು ಉಜ್ಜಿದ್ದು ಯಾರು? ಹೋಟೆಲಿನಲ್ಲಿ ದೋಸೆ ಹುಯ್ಯುವ ಸುಬ್ರಾಯ, ಸುಮತಿಯ ಅಪ್ಪಯ್ಯ. ದಿನಾ ಮಧ್ಯಾಹ್ನ ಬಿಡುವಿನಲ್ಲಿ, ಡ್ರಮ್ಮಿನ ಮೇಲೆ ಗಾಜಿಟ್ಟು, ಗಾಜು ಸವೆಸುವ ಪುಡಿ, ನೀರು ಹಾಕಿ, ಸುತ್ತ ನಡೆಯುತ್ತ ಉಜ್ಜಿದ್ದ. ಹನ್ನೊಂದು ತಿಂಗಳು! ಮೇಲೆ ಬೆಳ್ಳಿಬಣ್ಣದ ಲೇಪ ಕೂತ ಮೇಲೆ ಅದು ಟೆಲಿಸ್ಕೋಪಿನ ಕನ್ನಡಿಯಾಯಿತು.

ಈಗ ಅಪ್ಪಯ್ಯ ಕೆಳಗೆ ಕಾಫಿ ಬೆರೆಸುತ್ತಿದ್ದ. “ನಿಂಗೆ ಆ ಡಿಪಾರ್ಟ್‌ಮೆಂಟೇ ಸರಿ ಕಣಯ್ಯ” ಎಂದಿದ್ದರು ರಾಯರು.

ಚಪ್ಪಾಳೆಯಾಯಿತು. ಆಮೇಲೆ ಪೂಜೆ. ಕನ್ನಡಿ ಸ್ಟೂಲಿನ ಮೇಲಿತ್ತು. ಕಾಲೇಜು ಓದಿದ ಹದಿನೈದು ಜನ ಸುತ್ತ ಕೈಮುಗಿದು ನಿಂತಿದ್ದರು. ರಾಯರು ಮೂರು ಬೆರಳಲ್ಲಿ ಕನ್ನಡಿಗೆ ಗಂಧ ಎಳೆದು, ನಡುವೆ ಕುಂಕುಮ ಇಟ್ಟರು.

“ಇನ್ನು ಇದ್ರಲ್ಲಿ ಚಂದ್ರ ಹೇಗೆ ಸಾರ್ ಕಾಣೋದು?” ಯಾರೋ ಕೇಳಿದರು.

“ಅದಕ್ಕೇನ್ರೀ, ಒರೆಸಿದ್ರಾಯ್ತು!” ರಾಯರು ಹೆಗಲ ಮೇಲಿನ ಜರಿಶಾಲು ಎಳೆದರು.

ಸುಮತಿ ಮುಂದೆ ನುಗ್ಗಿದಳು. ಜರಿ ತಾಗಿದರೆ ಕನ್ನಡಿ ಹಾಳು.

“ತೊಡಾದೀಂಗ!” ಗಾಬರಿಗೆ ಈ ಊರಿನ ತಮಿಳೇ ಬಂತು. “ಮುಟ್ಬೇಡಿ ಸಾರ್! ಗೀರು ಬೀಳ್ತದೆ!”

“ಯಾರೇ ನೀನು, ಅಧಿಕಪ್ರಸಂಗಿ?”

“ಇದನ್ನು ಉಜ್ಜಿದವರ ಮಗಳು.”

ಅಷ್ಟಂದವಳೇ ಮೆಟ್ಟಿಲಿಳಿದು ಓಡಿ ಅಪ್ಪಯ್ಯನನ್ನು ಎಳೆದು ತಂದಳು.

ಅಪ್ಪಯ್ಯ ಕನ್ನಡಿಯನ್ನು ಓರೆಯಾಗಿ ಹಿಡಿದು, ಚೊಂಬಿನಿಂದ ನಿಧಾನ ನೀರು ಬಿಟ್ಟ. ಗಂಧ ತಾನಾಗಿ ಜಾರಿತು. ಒರೆಸದೆ ಆರಲು ಬಿಟ್ಟು, ಆಮೇಲೆ ಟೆಲಿಸ್ಕೋಪಿನ ಕೊಳವೆಯೊಳಗೆ ಕೂರಿಸಿದ. ಹದಿನೈದು ಡಿಗ್ರಿಗಳು ಬಾಯಿಬಿಟ್ಟುಕೊಂಡು ನೋಡಿದವು.

ರಾಯರಿಗೆ ಖುಷಿಯಾಯಿತು. ಪೆನ್ನು ತೆಗೆದು ಇತಿಹಾಸದ ಕೊನೆಗೆ ಒಂದು ಸಾಲು ಸೇರಿಸಿದರು. ಸುಮತಿ ಇಣುಕಿದಳು.

‘ಕಾಫಿ: ಸುಬ್ರಾಯ.’

ಅವಳ ಕಣ್ಣು ತುಂಬಿತು. ಅಪ್ಪಯ್ಯ ಓದಿ ನಕ್ಕೇಬಿಟ್ಟ. “ಕಾಫಿ ಲಾಯ್ಕಿತ್ತಂತೆ, ಮಾರಾಯ್ತಿ! ಬಾ, ಮೊದಲು ನೀ ನೋಡು.”

ಸುಮತಿ ಕಣ್ಣಿಟ್ಟಳು. ಅರ್ಧ ಚಂದ್ರ. ಮೈತುಂಬ ತೂತು, ಕಾವಲಿಯ ಮೇಲೆ ಬೇಯುತ್ತಿರುವ ದೋಸೆಯ ಹಾಗೆ. ಒಂದೊಂದು ತೂತೂ ಸ್ಪಷ್ಟ. ಎಲ್ಲೂ ಒಂದು ಗೀರಿಲ್ಲ.

“ಬೇಗ, ಬೇಗ! ಹಿಂದೆ ಕ್ಯೂ ಇದೆ,” ಎಂದರು ರಾಯರು.

“ಇರಿ ಸಾರ್,” ಸುಮತಿ ಕಣ್ಣು ತೆಗೆಯದೆ ಹೇಳಿದಳು. “ಹನ್ನೊಂದು ತಿಂಗಳದ್ದು. ಒಂದು ನಿಮಿಷದಲ್ಲಿ ಮುಗೀತದಾ?”