ಕೊನೆಯ ತಿರುವಿನ ಸಾಕ್ಷಿ

"ನಿಲ್ಲು ಐವಿಂದ್! ಸಾಕ್ಷಿ ಹೇಳೋಕೆ ಹೊರಟಿರೋದು ನೀನೇನಾ?"

ತೀರ್ಪುಗಾರರ ಕೋಣೆಯ ಬಾಗಿಲಲ್ಲಿ ತೂವಾ ಅವನಿಗೆ ಅಡ್ಡ ನಿಂತಿದ್ದಳು. ಓಟ ಮುಗಿದು ಅರ್ಧ ಗಂಟೆಯಾಗಿದ್ದರೂ ಅವಳ ಎದೆ ಇನ್ನೂ ಡವಗುಟ್ಟುತ್ತಿತ್ತು.

"ಹೌದು. ಒಳಗೆ ಹೋಗೋ ಮುಂಚೆ ನಿನ್ ಜೊತೆ ಮಾತಾಡೋ ಹಾಗಿಲ್ಲ. ದಾರಿ ಬಿಡು."

ಅವನು ಕಣ್ಣೆತ್ತಿಯೂ ನೋಡಲಿಲ್ಲ!

ತೂವಾ ಸ್ವೀಡನ್ನಿನ ಸ್ಕೀ ಓಟಗಾರ್ತಿ. ಐವಿಂದ್ ನಾರ್ವೆ ತಂಡದ ಸ್ಕೀಗಳು ಹಿಮದ ಮೇಲೆ ಸಲೀಸಾಗಿ ಜಾರಲೆಂದು ಅವಕ್ಕೆ ಮೇಣ ಹಚ್ಚುವವನು. ಎರಡು ವರ್ಷಗಳಿಂದ ಎಲ್ಲಿ ಪಂದ್ಯವಾದರೂ ಇಬ್ಬರದೂ ಒಂದೇ ಜಗಳ. ಅವಳದು ಸ್ವೀಡಿಷ್, ಅವನದು ನಾರ್ವೇಜಿಯನ್; ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವಷ್ಟು ಹತ್ತಿರದ ಭಾಷೆಗಳು. "ಏನಮ್ಮಾ ಸ್ವೀಡನ್, ಇವತ್ತು ಸ್ಕೀಗೆ ಮೇಣ ಹಚ್ಚಿದಾರೋ, ಗೋಂದೋ?" ಎಂದು ಅವನು ಕೆಣಕುವುದು, "ನಿನ್ನ ಬಾಯಿಗೆ ಹಚ್ಕೋ ಹೋಗು!" ಎಂದು ಅವಳು ಸಿಡುಕುವುದು. ಆ ಕೀಟಲೆ ಕಿವಿಗೆ ಬೀಳದ ದಿನ ಅವಳಿಗೆ ಏನೋ ಕಳೆದುಕೊಂಡ ಹಾಗೆ... ಅದನ್ನು ಮಾತ್ರ ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಇಂದು ಒಲಿಂಪಿಕ್ಸ್ ರಿಲೇ, ಅದೂ ನಾರ್ವೆಯ ನೆಲದಲ್ಲಿ. ಕೊನೆಯ ತಿರುವಿನಲ್ಲಿ ತೂವಾ ಒಳಬದಿಯಿಂದ ನುಗ್ಗಿದಾಗ ನಾರ್ವೆಯ ಸಿಲ್ಯೆ ಮುಗ್ಗರಿಸಿ ಬಿದ್ದಳು. ಕಂಚು ಸ್ವೀಡನ್ನಿನ ಪಾಲಾಯಿತು. 'ತೂವಾ ತಳ್ಳಿದಳು' ಎಂದು ನಾರ್ವೆ ತಂಡದ ಮುಖ್ಯಸ್ಥರು ದೂರು ಕೊಟ್ಟರು.

ಓಟಗಾರ್ತಿಯ ಕೈಯ ಸ್ಕೀ ಕೋಲು ಮುರಿದರೆ ಕೊಡಲೆಂದು ಆ ತಿರುವಿನಲ್ಲಿ ಬದಲಿ ಕೋಲು ಹಿಡಿದು ನಿಂತಿದ್ದವನು ಐವಿಂದ್. ಸಿಲ್ಯೆ ಅವನ ಸ್ವಂತ ಅಕ್ಕ.

"ಹೋಗು! ನಿನ್ನ ಅಕ್ಕನಿಗೆ ನನ್ನ ಪದಕ ಕೊಡ್ಸು!" ತೂವಾ ಪಕ್ಕಕ್ಕೆ ಸರಿದಳು. "ನಿನ್ನಂಥವನನ್ನ ನಂಬಿದ್ದೆನಲ್ಲ..."

ಅವನು ತುಟಿ ಕಚ್ಚಿ ಒಳಗೆ ಹೋದ.

ಸ್ವೀಡನ್ ತಂಡದ ಕೋಣೆಯಲ್ಲಿ ತೂವಾ ಮಂಡಿಗೆ ಮುಖ ಒತ್ತಿ ಕುಳಿತಳು. ಗೆಳತಿಯರು ತಂದಿಟ್ಟ ದಾಲ್ಚಿನ್ನಿ ಬನ್ನು ಹಾಗೇ ಇತ್ತು. ಪದಕ ಹೋದರೆ ಹೋಗಲಿ, ಮೋಸಗಾತಿ ಎಂಬ ಹೆಸರು ಹೊತ್ತು ಊರಿಗೆ ಹೋಗುವುದು ಹೇಗೆ? ಅದಕ್ಕಿಂತಲೂ... ಅವನು ಹೀಗೆ ಮಾಡಬಹುದೇ?

ಬಾಗಿಲು ತೆರೆಯಿತು. ಮೊಣಕೈಗೆ ಪಟ್ಟಿ ಕಟ್ಟಿಕೊಂಡ ಸಿಲ್ಯೆ!

"ಏಳೇ, ಕಂಚು ನಿಮ್ದೇ. ದೂರು ಬಿದ್ದುಹೋಯ್ತು."

"ಹೇಗೆ?"

"ನನ್ನ ಸ್ಕೀನ ನಾನೇ ತುಳ್ಕೊಂಡೆ ಕಣೇ. ಅದನ್ನ ಹೇಳೋಣ ಅಂತ ಕುಂಟ್ಕೊಂಡು ಹೋದ್ರೆ, ನಮ್ಮ ತಲೆಹರಟೆ ತಮ್ಮ ಆಗಲೇ ಹೇಳಿ ಮುಗಿಸಿದ್ದ! 'ತೂವಾ ಮುಟ್ಲೇ ಇಲ್ಲ, ನಮ್ಮಕ್ಕ ತಾನೇ ಎಡವಿದ್ಲು' ಅಂತ." ಸಿಲ್ಯೆ ಅವಳನ್ನು ತಬ್ಬಿಕೊಂಡಳು. "ಚೆನ್ನಾಗಿ ಓಡಿದೆ. ಮುಂದಿನ ಸಲ ಬಿಡಲ್ಲ, ನೆನಪಿಟ್ಕೋ! ಈಗ ಅವನ ಹತ್ರ ಹೋಗು. ನಮ್ಮವರು ಯಾರೂ ಅವನ ಜೊತೆ ಮಾತಾಡ್ತಿಲ್ಲ."

ತೂವಾ ಟೋಪಿಯನ್ನೂ ಹಾಕದೆ ಓಡಿದಳು.

ಮೇಣ ಹಚ್ಚುವ ಗುಡಿಸಲಲ್ಲಿ ಐವಿಂದ್ ಒಬ್ಬನೇ ಸ್ಕೀ ಉಜ್ಜುತ್ತಿದ್ದ.

"ನನ್ನನ್ನ ಬೈಯೋ," ಎಂದಳು ಬಾಗಿಲಲ್ಲೇ ನಿಂತು. "ಬಾಯಿಗೆ ಬಂದಂಗೆ ಅಂದ್ಬಿಟ್ಟೆ."

"ಬೈಯೋಕೆ ನಿನ್ನಷ್ಟು ಚೆನ್ನಾಗಿ ಬರಲ್ಲ."

"ನನಗೋಸ್ಕರ ಹೇಳಿದ್ಯಾ?"

ಅವನು ಅಡ್ಡಡ್ಡ ತಲೆಯಾಡಿಸಿದ. "ಇಲ್ಲ. ನೀನು ತಳ್ಳಿದ್ದಿದ್ರೆ ಅದನ್ನೂ ಹೇಳ್ತಿದ್ದೆ, ತೂವಾ. ಆಮೇಲೆ ಒಬ್ಬನೇ ಕೂತು ಅಳ್ತಿದ್ದೆ."

ತೂವಾಳ ಕಣ್ಣು ತುಂಬಿತು. ಬೇರೆ ಯಾವ ಉತ್ತರವೂ ಅವಳಿಗೆ ಇಷ್ಟು ಹಿತವಾಗುತ್ತಿರಲಿಲ್ಲ. ಅವನ ಮೇಣ ಮೆತ್ತಿದ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನೀನಂದ್ರೆ ನನಗೆ ಪ್ರಾಣ ಕಣೋ."

"ಏನಂದೆ?"

"ಸ್ವೀಡಿಷ್ ಅರ್ಥ ಆಗ್ಲಿಲ್ವಾ?"

"ಅರ್ಥ ಆಯ್ತು..." ಅವನು ಅವಳ ಕೈ ಬಿಡಲಿಲ್ಲ. "ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು. ಎರಡು ವರ್ಷದಿಂದ ಕಾಯ್ತಿದ್ದೆ."