ಅಲುಗಾಡದ ಕುರ್ಚಿ

ಗಂಭೀರವಾದ ಸಂಗತಿಯೊಂದನ್ನು ಮೊದಲೇ ತಿಳಿಸಿಬಿಡಬೇಕು: ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿದ್ದ ಏಕೈಕ ಕುರ್ಚಿಗೆ ಒಂದು ಕಾಲು ಗಿಡ್ಡ.

ಅಲ್ಲಿ ಕೂರುವ ಸಂಶೋಧಕಿಗೆ ಅದು ಅಭ್ಯಾಸವಾಗಿತ್ತು. ಮಾತಾಡಿಸುವವರಿಲ್ಲದ ಕೋಣೆಯಲ್ಲಿ ಆ ಕಟಕಟ ಸದ್ದಾದರೂ ಇರುತ್ತಿತ್ತಲ್ಲ!

ಅವನು ಮೊದಲ ಸಲ ಒಳಗೆ ಬಂದಾಗ ಅವಳು ಚೀರಿದ್ದಳು.

"ಬಾಗಿಲು! ಮೊದಲು ಬಾಗಿಲು ಹಾಕ್ರೀ!"

ಕೆಳಗಿನ ಮಹಡಿಯಲ್ಲಿ ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳನ್ನು ತಯಾರಿಸುವ ರಸಾಯನ ವಿಜ್ಞಾನಿ ಅವನು. ಬೆರಳ ತುದಿಗಳು ಸದಾ ಕಂದು. ಎಲ್ಲರ ಬಾಯಲ್ಲೂ 'ತುಕ್ಕಪ್ಪ'. ಕಣಗಳ ಸೀಸೆ ಕೊಡಲು ಬಂದವನು ಕುರ್ಚಿಯಲ್ಲಿ ಕೂತ, ಒಂದು ಕಡೆ ವಾಲಿದ.

"ಅಯ್ಯೋ, ಬಿದ್ದೆ! ಇದರ ಮೇಲೆ ಹೇಗ್ರೀ ಕೂರ್ತೀರಿ? ಅದೂ ಈ ಮಂಕು ಕೆಂಪು ದೀಪದಲ್ಲಿ?"

"ನಂಗೆ ಕತ್ತಲೇ ಇಷ್ಟ."

ನಿಜ ಹೇಳಲು ಎರಡು ವಾಕ್ಯ ಸಾಕಿತ್ತು. ಆದರೆ ಯಾರ ಜೊತೆಗೂ ಎರಡನೇ ವಾಕ್ಯದವರೆಗೆ ಹೋಗುವ ರೂಢಿ ಅವಳಿಗೆ ತಪ್ಪಿಹೋಗಿತ್ತು.

ಅವನು ಮತ್ತೆ ಮತ್ತೆ ಬಂದ. ಸೀಸೆಯ ನೆಪ, ಲೇಬಲಿನ ನೆಪ... ಅವನು ಹೋದಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

"ಇವತ್ತೂ ಒಬ್ಬಳೇ ಊಟಾನಾ?" ಫೋನಿನಲ್ಲಿ ಅಕ್ಕ.

"ಜೀವಕೋಶಗಳಿವೆಯಲ್ಲಕ್ಕ, ಲಕ್ಷಗಟ್ಟಲೆ."

"ಒಂದಾದ್ರೂ 'ಉಪ್ಪು ಸಾಕಾ' ಅಂತ ಕೇಳುತ್ತಾ?"

ಮನುಷ್ಯರ ಶ್ವಾಸಕೋಶದ ಜೀವಕೋಶಗಳಿಗೆ ಆ ಕಣಗಳನ್ನು ಉಣಿಸುವುದು ಅವಳ ಕೆಲಸ. ಕಣಗಳು ಒಳಸೇರಿ ತುಕ್ಕು ಹಿಡಿಸುವಂಥ ಉತ್ಕರ್ಷಣದ ಒತ್ತಡ ಹೆಚ್ಚಿಸಿದರೆ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ವಿದ್ಯುತ್ ಹರಿಸಿದಾಗ ಆ ತುಂಡುಗಳು ಧೂಮಕೇತುವಿನಂತೆ ಬಾಲ ಬಿಡುತ್ತವೆ. ಕಣ ಸೋಕದ ಕೋಶಗಳು ಮಾತ್ರ ದುಂಡಗೆ ಇರಬೇಕು. ಹೋಲಿಸಿ ನೋಡುವುದು ಅವುಗಳೊಂದಿಗೇ.

ಈ ಸಲ ಅವಕ್ಕೂ ಬಾಲ!

"ಹೋಲಿಕೆಗೆ ಇಟ್ಟದ್ದೇ ಕೆಟ್ಟಿದೆ ಅಂದ್ರೆ ಏನಮ್ಮಾ ಅರ್ಥ?" ಗೈಡ್ ಮೇಡಂ ಕನ್ನಡಕ ತೆಗೆದರು. "ಇನ್ನೊಂದೇ ಸಲ ಮಾಡು. ಆಗಲೂ ಹೀಗೇ ಬಂದ್ರೆ ಈ ಕೆಲಸ ಇಲ್ಲಿಗೇ ನಿಲ್ಲಿಸೋಣ."

ಅವಳು ನೇರ ಕೆಳಗಿನ ಮಹಡಿಗೆ ಇಳಿದಳು.

"ನಿಮ್ಮ ಕಣಗಳು ನನ್ನ ಶುದ್ಧ ಕೋಶಗಳಲ್ಲೂ ಬೆರೆತಿವೆ! ಆ ಕೈಯಲ್ಲೇ ಕೋಣೆಯೆಲ್ಲಾ ಓಡಾಡ್ತೀರಲ್ಲ... ಇನ್ಮೇಲೆ ಬರಬೇಡಿ."

ಅವನು ತನ್ನ ಕಂದು ಬೆರಳುಗಳನ್ನು ನೋಡಿಕೊಂಡ. "ಸರಿ," ಎಂದ. ಅಷ್ಟೇ.

ಮೇಲೆ ಬಂದು ಕುರ್ಚಿಯಲ್ಲಿ ಕುಸಿದಳು. ನಿಶ್ಶಬ್ದ. ಎಂದಿಗಿಂತ ಹೆಚ್ಚೇ ನಿಶ್ಶಬ್ದ... ಅರೆ, ಕಟಕಟ ಎಲ್ಲಿ?

ಅತ್ತಿತ್ತ ವಾಲಿದಳು. ಕುರ್ಚಿ ಅಲುಗಲಿಲ್ಲ! ಪ್ರಯೋಗದ ದಿನ ನಿಂತೇ ಕೆಲಸ ಮುಗಿಸಿದ್ದರಿಂದ ಗೊತ್ತೇ ಆಗಿರಲಿಲ್ಲ. ಬಗ್ಗಿ ನೋಡಿದರೆ ಗಿಡ್ಡ ಕಾಲಿಗೆ ನೀಟಾಗಿ ಕತ್ತರಿಸಿ ಅಂಟಿಸಿದ ರಬ್ಬರು. ಪಕ್ಕದಲ್ಲಿ ಕಂದು ಬೆರಳ ಗುರುತು.

ಅಂದು ಅವಳು ಊಟಕ್ಕೆ ಹೋದಾಗಲೇ ಆಗಿರಬೇಕು. ಕೋಶಗಳ ಪಟ್ಟಿಗಳು ಆಗ ಮೇಜಿನ ಮೇಲೆ ತೆರೆದೇ ಇದ್ದವು. ಈ ಮಂಕು ದೀಪದಲ್ಲಿ ಯಾರು ತಾನೇ ರಬ್ಬರು ಕತ್ತರಿಸಬಲ್ಲರು?

ಕಣವಲ್ಲ... ಬೆಳಕು! ಆ ಎಳೆಗಳನ್ನು ಬಿಳಿ ಬೆಳಕೂ ಕಡಿಯುತ್ತದೆ. ಈ ಕತ್ತಲಿರುವುದೇ ಅದಕ್ಕೆ. ಅದನ್ನು ಅವನಿಗೆ ಹೇಳದೆ ಉಳಿಸಿಕೊಂಡವಳು ತಾನೇ.

ಮೆಟ್ಟಿಲನ್ನು ಓಡಿಯೇ ಇಳಿದಳು.

"ಕುರ್ಚಿ ಸರಿಮಾಡುವಾಗ ದೊಡ್ಡ ಲೈಟ್ ಹಾಕಿದ್ರಾ?"

"ಹಾಕ್ದೆ. ಕಾಣಬೇಕಲ್ಲ. ಮರೀದೆ ಆರಿಸಿಯೇ ಬಂದೆ... ನಿಮಗೆ ಕತ್ತಲೇ ಇಷ್ಟ ಅಂದಿದ್ರಲ್ಲ."

"ಸುಳ್ಳು ಅದು. ಬೆಳಕಿಗೆ ಕೋಶ ಹಾಳಾಗುತ್ತೆ ಅಂತ ಹಾಗೆ ಕೂರೋದು. ಕತ್ತಲಂದ್ರೆ ನಂಗೆ ಆಗೋದೇ ಇಲ್ಲ."

"ಅಂದ್ರೆ... ಹಾಳು ಮಾಡಿದ್ದು ನಾನೇ!"

"ಕುರ್ಚಿ ಅಲುಗಾಡುತ್ತೆ ಅಂತ ಇಷ್ಟು ವರ್ಷದಲ್ಲಿ ಕಂಡದ್ದೂ ನಿಮಗೊಬ್ಬರಿಗೇ. ಬೈದದ್ದು ತಪ್ಪಾಯ್ತು. ಮುಂದಿನ ಪ್ರಯೋಗಕ್ಕೆ ಬನ್ನಿ. ಅಲ್ಲಿ ಒಬ್ಬಳೇ ಕೂತೂ ಕೂತೂ ಸಾಕಾಗಿದೆ."

"ಈ ಬೆರಳು?"

"ಕೈಗವಸು ಕೊಡ್ತೀನಿ."

ಅವನು ನಕ್ಕ. "ನಾನು ಬರ್ತಿದ್ದದ್ದು ಸೀಸೆ ಕೊಡೋಕಲ್ಲ ಕಣ್ರೀ."

"ಗೊತ್ತು. ಒಂದೇ ಸೀಸೆಗೆ ಮತ್ತೆ ಮತ್ತೆ ಲೇಬಲ್ ಹಚ್ಚಿದಾಗಲೇ ಗೊತ್ತಾಯ್ತು."

ಮುಂದಿನ ಪ್ರಯೋಗದಲ್ಲಿ ಅವನು ಕುರ್ಚಿಯಲ್ಲಿ ಕೂತ, ಅವಳು ಪಕ್ಕಕ್ಕೆ ಎಳೆದುಕೊಂಡ ಪೆಟ್ಟಿಗೆಯ ಮೇಲೆ. ದೊಡ್ಡ ಲೈಟನ್ನು ಯಾರೂ ಹಾಕಲಿಲ್ಲ. ಊಟಕ್ಕೆ ಇಬ್ಬರೂ ಜೊತೆಗೇ ಹೋದರು.

ಕಣ ಉಂಡ ಕೋಶಗಳಿಗೆ ಬಾಲ ಬಂತು. ಉಳಿದವು ದುಂಡಗಿದ್ದವು.