ಹನ್ನೆರಡು ಮನೆಯ ಕುರ್ಚಿ

"ಓಡೇ ಚಿಟಿಕೆ, ಓಡು! ಮೇಡಂ ಚಪ್ಪಲಿ ಹಾಕ್ಕೊಳ್ತಾ ಇದಾರೆ!"

ಪಕ್ಕದ ಮನೆಯ ಚಿಕ್ಕಮ್ಮ ಪಿಸುಗುಟ್ಟಿದ ಜೋರಿಗೆ ಹಿತ್ತಿಲಿನ ಬೆಕ್ಕು ಎದ್ದು ಕೂತಿತು. ಚಿಟಿಕೆ ನೀಲಿ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ತನ್ನ ಮನೆಯ ಹಿಂಬಾಗಿಲಿಗೆ ಓಡಿದಳು. ಅವಳ ಹಿಂದೆ ಗೋಡೆ ಗಡಿಯಾರ ಹಿಡಿದ ಎದುರುಮನೆ ಮಾವ. ಮಾವನ ಹಿಂದೆ ಟೇಬಲ್ ಫ್ಯಾನ್ ಅಪ್ಪಿಕೊಂಡ ಅಣ್ಣ. ಫ್ಯಾನಿನ ವೈರು ಬಾಲದ ಹಾಗೆ ನೆಲದ ಮೇಲೆ ಎಳೆದಾಡುತ್ತಿತ್ತು.

ಅದು ಕೊಡೆ ರಿಪೇರಿ ಮಾಡುವವರ ಓಣಿ. ಇದ್ದದ್ದೇ ಹನ್ನೆರಡು ಮನೆ. ಒಳಗೆ ಅವರದೇ ಒಂದು ಭಾಷೆ, ಹೊರಗೆ ಊರಿನ ಭಾಷೆ. ಊರಿನವರ ಮುರಿದ ಕಡ್ಡಿ, ಹರಿದ ಬಟ್ಟೆ ಎಲ್ಲ ಇವರ ಕೈಯಲ್ಲಿ ಸರಿಹೋಗುತ್ತಿತ್ತು. ಸರಿಹೋಗದೆ ಉಳಿದದ್ದು ಇವರ ಸೂರು ಮಾತ್ರ. ಮಳೆ ಬಂದರೆ ಚಿಟಿಕೆ ಹಾಸಿಗೆಯಲ್ಲೇ ಕೊಡೆ ಬಿಚ್ಚಿಕೊಂಡು ಮಲಗಬೇಕು. ಹೋಂವರ್ಕ್ ಪುಸ್ತಕಕ್ಕೆ ಬೇರೆ ಒಂದು ಪುಟ್ಟ ಕೊಡೆ.

ಇಂಥ ಜನರಿಗೆ ಸರ್ಕಾರ ಹೊಸ ಸೂರು ಹಾಕಿಸಿಕೊಡುತ್ತದಂತೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಬರೆದುಕೊಳ್ಳಲು ಸರ್ವೆ ಮೇಡಂ ಬಂದಿದ್ದರು.

ಆದರೆ ಓಣಿಗೆ ತನ್ನದೇ ಒಂದು ವಾಡಿಕೆ ಇತ್ತು. ಒಂದು ಮನೆಗೆ ನೆಂಟರು ಬಂದರೆ ಹನ್ನೆರಡು ಮನೆಗೂ ಬಂದ ಹಾಗೆ. ಓಣಿಯಲ್ಲಿದ್ದ ಒಂದೇ ಕುರ್ಚಿ, ಒಂದೇ ಗಡಿಯಾರ, ಒಂದೇ ಫ್ಯಾನು, ಮೂರೂ ಆ ಮನೆಗೆ ಹೋಗಬೇಕು. ಅದೂ ಹಿಂಬಾಗಿಲಿನಿಂದ, ಬಂದವರ ಕಣ್ಣಿಗೆ ಬೀಳದ ಹಾಗೆ.

ಮೇಡಂ ಮುಂಬಾಗಿಲಿನಿಂದ ಬಂದರು, ಕುರ್ಚಿಯಲ್ಲಿ ಕೂತರು, ಹುಬ್ಬು ಗಂಟಿಕ್ಕಿದರು.

"ಇದೇನಿದು, ಕುರ್ಚಿ ಬೆಚ್ಚಗಿದೆ?"

"ಬಿಸಿಲು, ಮೇಡಂ," ಎಂದ ಅಣ್ಣ. ಹೊರಗೆ ಮೋಡ ಕಪ್ಪಿಟ್ಟಿತ್ತು.

ಗೋಡೆಯಲ್ಲಿ ಮೊಳೆ ಇರಲಿಲ್ಲ. ಮಾವನೇ ಗಡಿಯಾರವನ್ನು ತಲೆಯ ಮೇಲೆತ್ತಿ, ಗೋಡೆಗೆ ಒತ್ತಿ ಹಿಡಿದು, ಮೊಳೆಯ ಹಾಗೆ ನೆಟ್ಟಗೆ ನಿಂತ. ಮನೆಯಲ್ಲಿ ಕರೆಂಟೂ ಇರಲಿಲ್ಲ. ಅಣ್ಣ ಫ್ಯಾನಿನ ಹಿಂದೆ ಕೂತು ಬೆರಳಿನಿಂದ ರೆಕ್ಕೆ ತಿರುಗಿಸತೊಡಗಿದ.

ಅದು ಆ ದಿನ ಮೇಡಂ ನೋಡಿದ ಎಷ್ಟನೆಯ ಮನೆಯೋ ಏನೋ! ಅವರು ಫಾರ್ಮಿನಿಂದ ತಲೆ ಎತ್ತಲಿಲ್ಲ. "ಕುರ್ಚಿ, ಇದೆ. ಗಡಿಯಾರ, ಇದೆ. ಫ್ಯಾನ್, ಇದೆ."

ಚಿಟಿಕೆ ಬಗ್ಗಿ ನೋಡಿದಳು. ಫಾರ್ಮಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹೀಗಿತ್ತು: ಮೂರೂ ಇದ್ದವರಿಗೆ ಸೂರು ಇಲ್ಲ.

ಹಿಂದಿನ ಎರಡು ಮನೆಗೂ ಇದೇ ಕುರ್ಚಿ ಹೋಗಿತ್ತಲ್ಲ!

"ಅಜ್ಜೀ," ಎಂದಳು, ತಮ್ಮ ಭಾಷೆಯಲ್ಲಿ. "ಕುರ್ಚಿ ನಮ್ದಲ್ಲ ಅಂತ ಹೇಳಿಬಿಡ್ಲಾ?"

ಅಜ್ಜಿ ಮೇಡಂ ಕಡೆ ನಗುತ್ತಲೇ ಹೇಳಿದಳು, "ಬಂದವರ ಮುಂದೆ ಹಾಗಂದ್ರೆ ನಿನ್ನ ನಾಲಿಗೇನ ಕೊಡೆಗೆ ಹೊಲಿದುಬಿಡ್ತೀನಿ."

"ಏನಂತಾರೆ ಅಜ್ಜಿ?" ಮೇಡಂ ಕೇಳಿದರು.

"ನೀರು ಬೇಕಾ ಅಂತ ಕೇಳ್ತಿದಾರೆ, ಮೇಡಂ," ಎಂದಳು ಚಿಟಿಕೆ.

ಕೇಳಬೇಕಾಗಿಯೇ ಇರಲಿಲ್ಲ. ಟಪ್! ಫಾರ್ಮಿನ ಮೇಲೆ ಒಂದು ಹನಿ. ಟಪ್ ಟಪ್! ಮೇಡಂ ಮೂಗಿನ ಮೇಲೆ ಇನ್ನೆರಡು. ಕಣ್ಣು ಮಿಟುಕಿಸುವಷ್ಟರಲ್ಲಿ ಅಜ್ಜಿಯ ಕೊಡೆ ಮೇಡಂ ತಲೆಯ ಮೇಲೆ ಬಿಚ್ಚಿಕೊಂಡಿತು. ಅಣ್ಣನದು ಫ್ಯಾನಿನ ಮೇಲೆ. ಮಾವ ಗಡಿಯಾರವನ್ನು ಕಂಕುಳಿಗೆ ಸಿಕ್ಕಿಸಿ ತನ್ನದನ್ನೂ ಬಿಚ್ಚಿದ. ಏನೂ ಆಗಿಲ್ಲವೆಂಬಂತೆ ಎಲ್ಲರೂ ಮೇಡಂ ಮುಖ ನೋಡಿದರು.

"ಅಯ್ಯೋ, ಮನೆ ಸೋರ್ತಾ ಇದೆಯಲ್ರೀ! ಆದ್ರೆ ಸೋರೋದಕ್ಕೆ ಇದರಲ್ಲಿ ಕಾಲಮ್ಮೇ ಇಲ್ಲ. ಮೂರೂ ಇದೆ ಅಂತ ಬರೆದಾಯ್ತು."

ಅಷ್ಟರಲ್ಲಿ ಹಿಂಬಾಗಿಲಿನಿಂದ ಒಂದು ತಲೆ ಇಣುಕಿತು. ಮುಂದಿನ ಮನೆಯ ಅತ್ತೆ. ಅವಸರಕ್ಕೆ ಅವಳ ಬಾಯಿಗೆ ಬಂದದ್ದು ಊರಿನ ಭಾಷೆ. "ಚಿಟಿಕೆ, ಮುಗೀತಾ? ಬೇಗ ಕುರ್ಚಿ ತಾರೇ, ಇನ್ನು ನಮ್ಮನೆ ಸರದಿ!"

ಮೇಡಂ ಕುರ್ಚಿಯನ್ನು ನೋಡಿದರು. ಅಜ್ಜಿ ತಲೆ ತಗ್ಗಿಸಿದಳು. ಅಜ್ಜಿ ತಲೆ ತಗ್ಗಿಸಿದ್ದನ್ನು ಚಿಟಿಕೆ ಯಾವತ್ತೂ ಕಂಡಿರಲಿಲ್ಲ.

"ಮೇಡಂ, ಕುರ್ಚಿ ನಮ್ದೇ," ಎಂದಳು ಚಿಟಿಕೆ. "ಆದ್ರೆ ಪೂರ್ತಿ ಅಲ್ಲ. ಹನ್ನೆರಡರಲ್ಲಿ ಒಂದು ಭಾಗ. ಗಡಿಯಾರಾನೂ ಅಷ್ಟೇ, ಫ್ಯಾನೂ ಅಷ್ಟೇ."

ಮೇಡಂ ಪೆನ್ನು ಕಚ್ಚಿದರು. ಆಮೇಲೆ ಪಕ್ಕೆ ಹಿಡಿದುಕೊಂಡು ನಕ್ಕರು. 'ಇದೆ' ಎಂದಿದ್ದ ಕಡೆಯೆಲ್ಲ ಹೊಡೆದುಹಾಕಿ, ಒಂದರ ಕೆಳಗೆ ಹನ್ನೆರಡು ಎಂದು ದಪ್ಪಗೆ ಬರೆದರು. ಹಿಂದಿನ ಎರಡು ಮನೆಯ ಫಾರ್ಮನ್ನೂ ತೆಗೆದು ಹಾಗೆಯೇ ತಿದ್ದಿದರು.

"ಆಫೀಸಲ್ಲಿ ಒಪ್ತಾರೋ ಬಿಡ್ತಾರೋ ಗೊತ್ತಿಲ್ಲಮ್ಮ. ಜಗಳ ಅಂತೂ ಆಡ್ತೀನಿ."

ಚಿಟಿಕೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಅಜ್ಜಿಗೆ ಎಲ್ಲವನ್ನೂ ತಮ್ಮ ಭಾಷೆಯಲ್ಲಿ ಹೇಳಿದಳು. ನಾಲಿಗೆಯ ಭಯ ಇನ್ನೂ ಹೋಗಿರಲಿಲ್ಲ.

ಅಜ್ಜಿ ಕುರ್ಚಿಯನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮ ಪಾಲಿಗೆ ಬಂದಿದ್ದು ಯಾವ ಭಾಗವೇ? ಕುರ್ಚಿ ಕಾಲೋ, ಕೈಯೋ?"

"ಕೂರೋ ಭಾಗ, ಅಜ್ಜಿ."

ಅಜ್ಜಿಯ ಬೊಚ್ಚು ಬಾಯಿ ಅಗಲವಾಯಿತು. "ಮತ್ತೆ ನೋಡ್ತಾ ನಿಂತಿದೀಯಲ್ಲ? ಮುಂದಿನ ಮನೇಲಿ ಮೇಡಂ ನಿಂತ್ಕೊಂಡು ಬರೀಬೇಕಾ?"

ಮೇಡಂ ಎದ್ದರು, ಚಿಟಿಕೆ ಕುರ್ಚಿ ಎತ್ತಿಕೊಂಡಳು. ಕಾಲು ತಾನಾಗಿ ಹಿಂಬಾಗಿಲಿನ ಕಡೆ ಹೊರಟಿತು. ಅಲ್ಲೇ ನಿಂತಳು. ತಿರುಗಿದಳು. ಮೇಡಂ ಜೊತೆಗೇ ಮುಂಬಾಗಿಲಿನಿಂದ ಓಣಿಗೆ ಇಳಿದಳು.

ಅಜ್ಜಿಯೂ ಹೊರಟಳು. ಒಂದು ಕೈಯ ಕೊಡೆ ಮೇಡಂಗೆ, ಇನ್ನೊಂದು ಕೈಯದು ಕುರ್ಚಿಗೆ.